ಚಹಾದ ದರ್ಜೆ: ಜರಡಿ ಹೇಳುವುದೆಷ್ಟು?

ಚಹಾ ಪೊಟ್ಟಣದ ಮೇಲಿನ ಬಿ.ಓ.ಪಿ., ಪಿ.ಎಫ್., ಡಸ್ಟ್ ಮುಂತಾದ ಗುರುತುಗಳನ್ನು ಅನೇಕರು ರುಚಿಯ ಅಳತೆಯೆಂದು ಭಾವಿಸುವುದುಂಟು. ವಾಸ್ತವವಾಗಿ ಇವು ಮುಖ್ಯವಾಗಿ ಕಣದ ಗಾತ್ರವನ್ನೂ ರೂಪವನ್ನೂ ಸೂಚಿಸುತ್ತವೆ. ಎಲೆಯನ್ನು ಬಾಡಿಸಿ, ಹೊಸೆದು ಅಥವಾ ಕತ್ತರಿಸಿ, ಹುದುಗಿಸಿ, ಒಣಗಿಸಿದ ಮೇಲೆ ಅಲುಗಾಡುವ ಜರಡಿಗಳ ಮೇಲೆ ಹಾಯಿಸಲಾಗುತ್ತದೆ. ಇಡೀ ಎಲೆ, ಮುರುಕು ಎಲೆ, ಫ್ಯಾನಿಂಗ್ಸ್, ಡಸ್ಟ್ ಎಂದು ಅದು ಬೇರ್ಪಡುತ್ತದೆ. ಬಿ.ಓ.ಪಿ. ಎಂದರೆ ಬ್ರೋಕನ್ ಆರೆಂಜ್ ಪೆಕೋ. ಇಲ್ಲಿನ ಆರೆಂಜ್‌ಗೂ ಕಿತ್ತಳೆ ಹಣ್ಣಿಗೂ ಸಂಬಂಧವಿಲ್ಲ; ಪೆಕೋ ಎಂಬುದು ಎಳೆ ಮೊಗ್ಗಿನ ಬಿಳಿ ನವಿರನ್ನು ಸೂಚಿಸುವ ಚೀನೀ ಮೂಲದ ಪದ.

ಡಸ್ಟ್ ಎಂದರೆ ಕಸವೆಂಬ ತಿಳುವಳಿಕೆ ಸರಿಯಲ್ಲ. ಸಣ್ಣ ಕಣವು ಬೇಗ ಬಣ್ಣ, ಕಡುಪು ಬಿಡುವುದರಿಂದ ಹಾಲು ಬೆರೆಸಿ ಕುಡಿಯುವ ದಕ್ಷಿಣ ಭಾರತದಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆಯಿದೆ.

ಡಾರ್ಜಿಲಿಂಗ್‌ನಲ್ಲಿ ಎಲೆಯನ್ನು ಹೊಸೆಯುವ ಸಾಂಪ್ರದಾಯಿಕ ವಿಧಾನವೇ ಪ್ರಧಾನ. ಅಲ್ಲಿನ ದರ್ಜೆಗಳಿಗೆ ಎಫ್.ಟಿ.ಜಿ.ಎಫ್.ಓ.ಪಿ. ಎಂಬಂತಹ ಉದ್ದನೆಯ ಹೆಸರುಗಳಿವೆ. ಆದರೂ ಖರೀದಿದಾರ ಮೊದಲು ಕೇಳುವುದು ಯಾವ ತೋಟ, ಯಾವ ಚಿಗುರು ಎಂದು. ವಸಂತದ ಮೊದಲ ಚಿಗುರು ಹಾಗೂ ಮೇ–ಜೂನ್‌ನ ಎರಡನೆಯ ಚಿಗುರಿಗೆ ಸಿಗುವ ಬೆಲೆ ಮಳೆಗಾಲದ ಎಲೆಗೆ ಸಿಗದು, ಅಕ್ಷರಗಳು ಅವೇ ಇದ್ದರೂ. ಅಸ್ಸಾಂನಲ್ಲಿ 1930ರ ಸುಮಾರಿಗೆ ಬಳಕೆಗೆ ಬಂದ ಸಿ.ಟಿ.ಸಿ. ಯಂತ್ರ ಎಲೆಯನ್ನು ಕತ್ತರಿಸಿ, ಹರಿದು, ಸುರುಳಿಸಿ ಕಾಳು ಮಾಡುತ್ತದೆ. ಈ ಚಹಾದಲ್ಲಿ ಇಡೀ ಎಲೆಯ ದರ್ಜೆಗಳೇ ಇಲ್ಲ. ಕೆನ್ಯಾದ ಚಹಾವೂ ಬಹುತೇಕ ಇದೇ ಬಗೆಯದು, ಬಿ.ಪಿ.1, ಪಿ.ಎಫ್.1, ಪಿ.ಡಿ., ಡಿ.1 ಎಂಬ ನಾಲ್ಕು ಅಲ್ಲಿನ ಮುಖ್ಯ ದರ್ಜೆಗಳು.

ಶ್ರೀಲಂಕಾದಲ್ಲಿ ಜರಡಿಯ ಜೊತೆಗೆ ತೋಟದ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸುಮಾರು 600 ಮೀಟರಿಗಿಂತ ಕೆಳಗಿನದು ತಗ್ಗಿನ ಚಹಾ, 1200 ಮೀಟರಿಗಿಂತ ಮೇಲಿನದು ಎತ್ತರದ ಚಹಾ, ನಡುವಿನದು ಮಧ್ಯಮ. ಚೀನಾದ ಲಾಂಗ್‌ಜಿಂಗ್ ಹಸಿರು ಚಹಾಕ್ಕೆ ಪಂಚಾಂಗವೇ ಅಳತೆಗೋಲು. ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ಹಬ್ಬಕ್ಕೆ ಮುನ್ನ ಕಿತ್ತ ಎಳೆ ಕುಡಿಗೆ ಹೆಚ್ಚಿನ ಮನ್ನಣೆ.

ಹಸಿ ಎಲೆ ಮಾರುವ ಸಣ್ಣ ಬೆಳೆಗಾರನಿಗೆ ಈ ಅಕ್ಷರಗಳಾವುವೂ ಕಾಣಸಿಗುವುದಿಲ್ಲ. ನೀಲಗಿರಿಯ ಸಣ್ಣ ಬೆಳೆಗಾರರಲ್ಲಿ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರು ಅನೇಕರಿದ್ದಾರೆ. ಅವರ ಎಲೆ ಬಹುಪಾಲು ಖರೀದಿ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಎಣಿಕೆಗೆ ಬರುವುದು ನಯ ಎಲೆಯ ಪ್ರಮಾಣ. ಮಾದರಿ ತೆಗೆದು, ಎರಡು ಎಲೆ ಒಂದು ಮೊಗ್ಗು, ಒಂದು ಎಲೆ ಒಂದು ಮೊಗ್ಗು, ಮೃದುವಾದ ಬಂಜಿ ಕುಡಿ ಇವನ್ನು ಬೇರ್ಪಡಿಸಿ ನೋಡಲಾಗುತ್ತದೆ. ಬಂಜಿ ಎಂದರೆ ಬೆಳವಣಿಗೆ ನಿಂತ ಕುಡಿ. ಗಡಸಾದರೆ ಅದು ಒರಟು ಎಲೆಯ ಪಾಲಿಗೆ ಸೇರುತ್ತದೆ. ಒರಟು ಎಲೆ ಹೆಚ್ಚಿದಷ್ಟೂ ಚಹಾದಲ್ಲಿ ನಾರು, ಕಡ್ಡಿ ಹೆಚ್ಚುತ್ತವೆ, ಕಷಾಯ ತೆಳುವಾಗುತ್ತದೆ. ಜರಡಿಯಿಂದ ಗಾತ್ರ ಬೇರ್ಪಡಿಸಬಹುದೇ ಹೊರತು ಈ ದೋಷ ತಿದ್ದಲು ಬರುವುದಿಲ್ಲ.

ಆದುದರಿಂದ ಚಿಗುರು ಹೇರಳವಾಗಿರುವ ಕಾಲದಲ್ಲಿ 7ರಿಂದ 10 ದಿನಗಳಿಗೊಮ್ಮೆ ಕೀಳುವುದು ಸೂಕ್ತ. ತೂಕದಾಸೆಗೆ ಸುತ್ತು ಮುಂದೂಡಿದರೆ ಎಲೆ ಬಲಿಯುತ್ತದೆ. ಕಿತ್ತ ಎಲೆಯನ್ನು ಚೀಲದಲ್ಲಿ ಒತ್ತಿ ತುಂಬಬಾರದು. ಬಿಸಿಯೇರಿ ದಾರಿಯಲ್ಲೇ ಕೆಂಪಾಗುತ್ತದೆ. ಗಾಳಿಯಾಡುವ ಬಲೆಚೀಲದಲ್ಲಿ ಸಡಿಲವಾಗಿ ತುಂಬಿ, ನೆರಳಿನಲ್ಲಿಟ್ಟು, ಅದೇ ದಿನ ಕಾರ್ಖಾನೆಗೆ ಮುಟ್ಟಿಸಬೇಕು.