ಹೆಣ್ಣಾಳಿನ ಓಟು, ಹೆಣ್ಣಾಳಿನ ಕೂಲಿ

1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳನ್ನು ಹೊಸದಾಗಿ ಗುರುತಿಸಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು. ಅದೇ ಜಿಲ್ಲೆಯಲ್ಲಿದ್ದು, ಮನೆಮಾತೂ ಕನ್ನಡವೇ ಆಗಿದ್ದ ನಮ್ಮ ತಾಳವಾಡಿ ಸೀಮೆ ಮಾತ್ರ ಇದ್ದಲ್ಲೇ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿದ್ದೇವೆ. ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡು ದಾಟಿ ಬಂದರೆ ನಮ್ಮ ಊರುಗಳು. ಡಾ. ರಾಜಕುಮಾರ್ ಅವರ ಗಾಜನೂರು ಇಲ್ಲಿಯದೇ ಎಂದರೆ ಓದುಗರಿಗೆ ಗುರುತು ಸಿಕ್ಕೀತು. ನಮ್ಮ ಭಾಷೆಯ ಪಾಡನ್ನು ಕಾಸರಗೋಡಿನ ಬಂಧುಗಳಿಗೆ ವಿವರಿಸಬೇಕಾದ್ದಿಲ್ಲ. ಈ ಸಲ ಬರೆಯಹೊರಟಿರುವುದು ಇಲ್ಲಿನ ಹೆಣ್ಣುಮಕ್ಕಳ ಕೂಲಿಯ ಬಗ್ಗೆ.

ನಮ್ಮಲ್ಲಿ ಕೋಸು, ಬೀಟ್‌ರೂಟು, ಆಲೂಗಡ್ಡೆ, ಟೊಮೇಟೊ, ಬೆಳ್ಳುಳ್ಳಿ, ಅರಿಸಿನ, ಕಬ್ಬು, ಬಾಳೆ ಬೆಳೆಯುತ್ತಾರೆ. ಬೆಳಗಿನ ಮಂಜು ಕರಗುವ ಮೊದಲೇ ಹೊಲಕ್ಕೆ ಇಳಿಯುವವರಲ್ಲಿ ಹೆಂಗಸರೇ ಹೆಚ್ಚು. ನಾಟಿ, ಕಳೆ, ಕೊಯ್ಲು, ಆಯುವುದು ಇವರ ಪಾಲು. ಉಳುಮೆ, ಔಷಧಿ ಹೊಡೆಯುವುದು, ಮೂಟೆ ಹೊರುವುದು ಗಂಡಸರ ಪಾಲು. ಆಳು ಕರೆಯಲು ಬಂದವರು ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು ಎಂದು ಬೇರೆ ಬೇರೆ ಎಣಿಸಿ ಹೇಳಿ ಹೋಗುತ್ತಾರೆ, ಕೂಲಿಯೂ ಬೇರೆ ಬೇರೆ. ಹೆಣ್ಣಾಳಿನದು ಕಡಿಮೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ಅಷ್ಟು ರೂಢಿ. ಅದೇ ಹೆಣ್ಣಾಳು ಚುನಾವಣೆಯ ದಿನ ಭವಾನಿಸಾಗರ ಕ್ಷೇತ್ರದ ಮತಗಟ್ಟೆಗೆ ಹೋದರೆ ಅವಳ ಓಟನ್ನು ಮುಕ್ಕಾಲು ಎಂದು ಯಾರೂ ಎಣಿಸುವುದಿಲ್ಲ. ಅವಳದೂ ಒಂದು, ಜಮೀನಿನ ಯಜಮಾನರದೂ ಒಂದು. ಅಲ್ಲಿ ಇಡಿಯಾದವಳು ಹೊಲದಲ್ಲಿ ಮುಕ್ಕಾಲಾಗುವುದು ಹೇಗೆ ಎಂಬುದು ನಮ್ಮನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ.

ಮೊದಲು ಓಟಿನ ಕಥೆ. 1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗೂ ಮದರಾಸಿಗೆ ಬಂದಾಗ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಮಹಿಳೆಯರ ನಿಯೋಗವೊಂದು ಅವರನ್ನು ಕಂಡು, ಬರಲಿರುವ ಸುಧಾರಣೆಗಳಲ್ಲಿ ಹೆಂಗಸರಿಗೂ ಮತಾಧಿಕಾರ ಬೇಕೆಂದು ಕೇಳಿತು. ಇದರ ಹಿಂದೆ ದುಡಿದವರಲ್ಲಿ ಐರ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಮುಖ್ಯರು. ಬ್ರಿಟಿಷ್ ಸರಕಾರ ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. 1919ರ ಕಾಯಿದೆಯಲ್ಲಿ ಆ ತೀರ್ಮಾನವನ್ನು ಪ್ರಾಂತಗಳ ಶಾಸನಸಭೆಗಳ ತಲೆಗೆ ಕಟ್ಟಿತು. ಬ್ರಿಟಿಷ್ ಪ್ರಾಂತಗಳಲ್ಲಿ ಮೊದಲು ಒಪ್ಪಿದ್ದು ಮದರಾಸು, 1921ರ ಏಪ್ರಿಲಿನಲ್ಲಿ. ಮಂಗಳೂರು, ಕಾಸರಗೋಡು, ತಾಳವಾಡಿ ಮೂರೂ ಆಗ ಅದೇ ಪ್ರಾಂತದಲ್ಲಿದ್ದವು. ಹಾಗಾಗಿ ಆ ಠರಾವು ನಿಮ್ಮ ಮುತ್ತಜ್ಜಿಯರಿಗೂ ನಮ್ಮ ಮುತ್ತಜ್ಜಿಯರಿಗೂ ಸೇರಿದ್ದು.

ಓಟು ಹಾಕಬಹುದು, ಆದರೆ ಸಭೆಯಲ್ಲಿ ಕೂರುವಂತಿಲ್ಲ ಎಂಬ ನಿಯಮ ಇನ್ನೂ ಕೆಲವು ವರ್ಷ ಇತ್ತು. ಅದು ಸಡಿಲವಾದ 1926ರಲ್ಲಿಯೇ ಮದರಾಸು ಶಾಸನಸಭೆಗೆ ದಕ್ಷಿಣ ಕನ್ನಡದಿಂದ ಸ್ಪರ್ಧಿಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ 23 ವರ್ಷ. ಅಲ್ಪ ಮತಗಳಿಂದ ಸೋತರು. ಹೀಗೆ ಈ ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯೆಂದು ಹೆಸರಾದವರು ಕಾಸರಗೋಡೂ ಸೇರಿದ್ದ ಹಳೆಯ ಜಿಲ್ಲೆಯವರೇ. ಇದು ಶಾಲಾಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡ ಅಕ್ಷರಗಳಲ್ಲಿ ಇರಬೇಕಿತ್ತು ಎಂದು ನಮಗೆ ಅನಿಸುತ್ತದೆ.

ಆದರೆ 1921ರ ಓಟು ಯಾರದು? ಕಂದಾಯ ಕಟ್ಟುವವರದು, ತೆರಿಗೆ ಕೊಡುವವರದು. ತನ್ನ ಹೆಸರಿನಲ್ಲಿ ಆಸ್ತಿ ಇದ್ದ ಹೆಂಗಸರು ಎಷ್ಟಿದ್ದಾರು? 1935ರ ಕಾಯಿದೆ ಅಕ್ಷರ ಬಲ್ಲವರಿಗೂ ಮತದಾರರ ಹೆಂಡತಿಯರಿಗೂ ಬಾಗಿಲು ತೆರೆದು, ದೇಶದಲ್ಲಿ ಸುಮಾರು 60 ಲಕ್ಷ ಹೆಂಗಸರಿಗೆ ಓಟು ಸಿಕ್ಕಿತು. ಓದುಬರಹ ಕಲಿಯದ, ಆಸ್ತಿಯಿಲ್ಲದ ಕೂಲಿಯ ಹೆಂಗಸು ಆಗಲೂ ಹೊರಗೇ. ಅವಳು ಒಳಗೆ ಬಂದದ್ದು ಸಂವಿಧಾನದ 326ನೆಯ ವಿಧಿಯ ಮೂಲಕ, 1951-52ರ ಮೊದಲ ಮಹಾಚುನಾವಣೆಯಲ್ಲಿ. ಅಲ್ಲಿಯೂ ಒಂದು ತೊಡಕು ಬಂತು. ಪಟ್ಟಿ ಬರೆಯಲು ಬಂದವರಿಗೆ ಅನೇಕ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಕಮಿಷನರ್ ಸುಕುಮಾರ ಸೇನ್ ಅವರು ಇದನ್ನು ಒಪ್ಪದೆ, ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆಸಿದರು. ಹೀಗೆ ಸುಮಾರು 28 ಲಕ್ಷ ಹೆಂಗಸರು ಮೊದಲ ಚುನಾವಣೆಯಲ್ಲಿ ಓಟು ಕಳೆದುಕೊಂಡರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಕಠಿಣವೆನಿಸಿದರೂ ಸೇನರು ಮಾಡಿದ್ದು ಸರಿ ಎಂಬುದೇ ನಮ್ಮ ಅಭಿಪ್ರಾಯ, ಮುಂದಿನ ಚುನಾವಣೆಯಲ್ಲಿ ಹೆಸರು ಹೇಳಲೇಬೇಕಾಯಿತಲ್ಲ. ಶಾಲೆಯ ದಾಖಲಾತಿಗೆ ಬರುವ ಕೆಲವು ಅಜ್ಜಿಯರು ಇಂದಿಗೂ ತಮ್ಮ ಹೆಸರು ಕೇಳಿದರೆ ನಕ್ಕು ಸುಮ್ಮನಾಗುವುದನ್ನು ಕಂಡಿದ್ದೇವೆ.

ಇನ್ನು ಕೂಲಿ. ಓಟಿಗೆ ಸಂವಿಧಾನದಲ್ಲಿ ಒಂದು ವಿಧಿ ಇದ್ದಂತೆ ಕೂಲಿಗೂ ಒಂದಿದೆ: 39ನೆಯ ವಿಧಿಯ ‘ಡಿ’ ಭಾಗ. ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಅದರ ಅರ್ಥ. ವ್ಯತ್ಯಾಸವೇನೆಂದರೆ ಅದನ್ನು ಇಟ್ಟಿರುವುದು ನಿರ್ದೇಶಕ ತತ್ವಗಳಲ್ಲಿ. ಸರಕಾರ ಆ ದಾರಿಯಲ್ಲಿ ನಡೆಯಬೇಕು, ನಡೆಯದಿದ್ದರೆ ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1951ರ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಾನ ವೇತನ ಒಪ್ಪಂದಕ್ಕೆ ಭಾರತ 1958ರಲ್ಲಿ ಸಹಿ ಹಾಕಿತು. ಆದರೂ 1948ರ ಕನಿಷ್ಠ ವೇತನ ಕಾಯಿದೆಯ ಕೆಳಗೆ ಹಲವು ರಾಜ್ಯ ಸರಕಾರಗಳೇ ಗಂಡಸಿಗೊಂದು, ಹೆಂಗಸಿಗೊಂದು ದರ ನಿಗದಿ ಮಾಡಿ ಆಜ್ಞೆ ಹೊರಡಿಸುತ್ತಿದ್ದವು. ರೂಢಿಗೆ ಸರಕಾರವೇ ಮೊಹರು ಒತ್ತಿದಂತಾಯಿತು.

1974ರ ಕೊನೆಗೆ ಸಿದ್ಧವಾದ ‘ಸಮಾನತೆಯ ಕಡೆಗೆ’ ಎಂಬ ವರದಿ ಹೆಣ್ಣುಮಕ್ಕಳ ಸ್ಥಿತಿಗತಿಯನ್ನು ಮುಚ್ಚುಮರೆಯಿಲ್ಲದೆ ದೇಶದ ಮುಂದಿಟ್ಟಿತು. ಮರುವರ್ಷ ಅಂತಾರಾಷ್ಟ್ರೀಯ ಮಹಿಳಾ ವರ್ಷ. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು ಕಚೇರಿಗೂ ಹೋಗದೆ, ಮನೆಗೆಲಸವನ್ನೂ ಮಾಡದೆ ಬೀದಿಗೆ ಬಂದರು. ಮರುವರ್ಷವೇ ಅಲ್ಲಿ ಕಾಯಿದೆ ಬಂತು. ಅದಕ್ಕೂ ಮೊದಲು 1968ರಲ್ಲಿ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದ ಹೆಂಗಸರು ಮುಷ್ಕರ ಹೂಡಿ 1970ರ ಸಮಾನ ವೇತನ ಕಾಯಿದೆಗೆ ಕಾರಣರಾಗಿದ್ದರು. ನಮ್ಮಲ್ಲಿ 1975ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಸಮಾನ ವೇತನ ಕಾಯಿದೆ. ಅದು ಮೊದಲು ಜಾರಿಯಾದದ್ದು ತೋಟಗಳಲ್ಲಿ. ತೋಟದಲ್ಲಿ ಹಾಜರಿ ಪುಸ್ತಕ ಇರುತ್ತದೆ, ಸಂಘ ಇರುತ್ತದೆ, ಮೇಲಿನಿಂದ ಇನ್‌ಸ್ಪೆಕ್ಟರು ಬಂದರೆ ನೋಡಲು ಕಾಗದ ಇರುತ್ತದೆ. ನಮ್ಮ ಕೋಸಿನ ಹೊಲದಲ್ಲಿ ಇವು ಯಾವುವೂ ಇಲ್ಲ.

ಹೊಲದವರನ್ನು ಕೇಳಿದರೆ ಅವರ ಉತ್ತರ ಸಿದ್ಧವಿದೆ: ‘ಮೇಷ್ಟ್ರೇ, ಗಂಡಾಳು ಮಾಡೋ ಕೆಲ್ಸ ಬೇರೆ, ಹೆಣ್ಣಾಳು ಮಾಡೋ ಕೆಲ್ಸ ಬೇರೆ. ಸಮ ಹೇಗಾಯ್ತದೆ?’ ಮೊದಲು ಕೆಲಸವನ್ನೇ ಎರಡಾಗಿ ಸೀಳಿ, ಒಂದಕ್ಕೆ ಹಗುರ ಎಂದು ಹೆಸರಿಟ್ಟರೆ, ಆಮೇಲೆ ಕೂಲಿಯನ್ನು ಸೀಳುವುದು ಸುಲಭ. ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದು ಹಗುರವೆಂದು ತೀರ್ಮಾನಿಸಿದವರು ಅದನ್ನು ಒಂದು ದಿನವಾದರೂ ಮಾಡಿ ನೋಡಿದ್ದಾರೆಯೇ? ನಾವು ಮೇಷ್ಟ್ರುಗಳೂ ಇದರಲ್ಲಿ ಸುಮ್ಮನಿದ್ದವರಲ್ಲ. ನಾಲ್ಕು ಗಂಡಸರು ಅಥವಾ ಆರು ಹೆಂಗಸರು ಒಂದು ಕೆಲಸವನ್ನು ಇಷ್ಟು ದಿನದಲ್ಲಿ ಮುಗಿಸಿದರೆ ಎಂಬ ಲೆಕ್ಕವನ್ನು ತಲೆಮಾರುಗಳಿಂದ ಕರಿಹಲಗೆಯ ಮೇಲೆ ಮಾಡಿಸುತ್ತ ಬಂದಿದ್ದೇವೆ. ಮುಂದಿನ ಪಿರಿಯಡ್ಡಿನಲ್ಲಿ ಸಮಾಜ ಪಾಠಕ್ಕೆ ಬಂದವರು ಅದೇ ಹಲಗೆ ಒರೆಸಿ ಒಬ್ಬರಿಗೆ ಒಂದು ಓಟು ಎಂದು ಬರೆಯುತ್ತಾರೆ. ಶನಿವಾರ ಅವ್ವನ ಜೊತೆ ಕಳೆಗೆ ಹೋಗಿ ಬರುವ ಹುಡುಗಿಗೆ ಯಾವ ಪಾಠ ನಿಜವೆಂದು ತೋರೀತು?

ಕಾನೂನು ಈ ನೆಪವನ್ನು ಒಪ್ಪುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮ್ಯಾಕಿನಾನ್ ಮೆಕೆಂಜಿ ಎಂಬ ಹಡಗು ಕಂಪೆನಿಯಲ್ಲಿ ಮಹಿಳಾ ಸ್ಟೆನೋಗ್ರಾಫರುಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ಆಡ್ರಿ ಡಿಕೋಸ್ಟ ಎಂಬವರು ದಾವೆ ಹೂಡಿದರು. 1987ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಕೆಲಸ ಒಂದೇ ರೀತಿಯದೇ ಎಂಬುದನ್ನು ವಿಶಾಲ ದೃಷ್ಟಿಯಿಂದ ನೋಡಬೇಕು, ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಕೂಲಿ ಕಡಿಯುವಂತಿಲ್ಲ, ಕೊಡುವ ಶಕ್ತಿಯಿಲ್ಲ ಎಂಬುದೂ ಕಾರಣವಾಗದು ಎಂದಿತು. 1976ರ ಕಾಯಿದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಅದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಭೇದ ಮಾಡಬಾರದೆಂಬ ಮಾತು ಅದರಲ್ಲೂ ಇದೆ. ಆದರೆ ಹೊಲದ ಕೂಲಿಯವಳು ಹೋಗಿ ಹೇಳುವುದು ಎಲ್ಲಿ? ಜಿಲ್ಲೆಯ ಕಚೇರಿ ಘಾಟಿಯ ಕೆಳಗೆ, ಅಲ್ಲಿನ ಕಾಗದವೆಲ್ಲ ತಮಿಳಿನಲ್ಲಿ. ಅವಳ ಕೈಯಲ್ಲಿ ಚೀಟಿಯಿಲ್ಲ, ಮರುದಿನ ಕೆಲಸಕ್ಕೆ ಕರೆಯುವವರೂ ಅದೇ ಯಜಮಾನರು.

ನಮ್ಮ ಕಣ್ಣೆದುರಿಗೆ ಕೂಲಿಯನ್ನು ನಿಜವಾಗಿ ಅಲ್ಲಾಡಿಸಿದ್ದು ನೂರು ದಿನದ ಕೆಲಸ. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಗಂಡಾಳು, ಹೆಣ್ಣಾಳು ಎಂಬ ಎರಡು ದರ ಇರಲಿಲ್ಲ. ಹಣ ಅವಳ ಹೆಸರಿನ ಖಾತೆಗೇ ಬಂತು. 1951ರಲ್ಲಿ ಪಟ್ಟಿಯವರಿಗೆ ಹೆಸರು ಹೇಳದವರ ಮೊಮ್ಮಕ್ಕಳು ತಮ್ಮ ಹೆಸರಿನ ಪಾಸ್‌ಬುಕ್ಕನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದರು. ತಮಿಳುನಾಡಿನಲ್ಲಿಯೂ ಕೇರಳದಲ್ಲಿಯೂ ಈ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹೆಂಗಸರೇ. ಆಳು ಸಿಗುವುದಿಲ್ಲ ಎಂದು ಜಮೀನಿನವರು ಗೊಣಗಿದ್ದನ್ನು ಎಲ್ಲರೂ ಕೇಳಿದ್ದೇವೆ. ಅವರ ಕಷ್ಟ ಸುಳ್ಳಲ್ಲ. ಆನೆ, ಹಂದಿ ಕಾದು ಬೆಳೆದ ಕೋಸಿಗೆ ಬೆಲೆಯೇ ಇಲ್ಲದಾಗ ರೈತನಿಗೂ ಕೈ ಖಾಲಿ. ಆದರೆ ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತೇನೆ ಎನ್ನಲು ಹೆಣ್ಣಾಳಿಗೆ ಮೊದಲ ಬಾರಿ ಒಂದು ಜಾಗ ಸಿಕ್ಕಿದ್ದಂತೂ ದಿಟ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ 125 ದಿನಗಳ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ದಿನ ಹೆಚ್ಚಾಯಿತೆಂದು ಸಂತೋಷಪಡುವ ಮೊದಲು ಇನ್ನೊಂದು ಅಂಶ ನೋಡಬೇಕು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಕೆಲಸ ನಿಲ್ಲಿಸಲು ಅದರಲ್ಲಿ ಅವಕಾಶವಿದೆ. ಹೆಣ್ಣಾಳಿಗೆ ಬೇಡಿಕೆ ಇರುವುದೂ, ಅವಳು ದರ ಕೇಳಬಹುದಾದ್ದೂ ಅದೇ ಕಾಲದಲ್ಲಿ.

ಕಾಸರಗೋಡಿನವರು ಬೀಡಿಯ ಮಾತೆತ್ತಬಹುದು. ಸಾವಿರ ಬೀಡಿಗೆ ಇಷ್ಟು ಎಂದಾಗ ಕಟ್ಟಿದವರು ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಸರಿ, ಆದರೆ ಮನೆಮನೆಯ ಹೆಂಗಸರ ಕೈಗೆ ಬಂದ ಆ ಕೆಲಸದ ದರ ಒಟ್ಟಾರೆ ಎಷ್ಟು ಕೆಳಗಿದೆ ಎಂಬುದೂ ಅವರಿಗೇ ಚೆನ್ನಾಗಿ ಗೊತ್ತು.

ಇಲ್ಲಿ ಕೆಲವು ಊರುಗಳಲ್ಲಿ ಈಚೆಗೆ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಕಳೆಯ ಕೆಲಸವನ್ನು ಗುತ್ತಿಗೆ ಹಿಡಿಯುತ್ತಿದ್ದಾರೆ. ದರ ಮಾತಾಡುವವಳು ಗುಂಪಿನ ಹಿರಿಯಳು. ಬೇಗ ಮುಗಿದರೆ ಮಧ್ಯಾಹ್ನವೇ ಮನೆ, ಇಲ್ಲವೇ ಇನ್ನೊಂದು ಹೊಲ. ಸಂಜೆ ಬೇಲಿಯ ಪಕ್ಕ ಕುಳಿತು ಬಂದ ಹಣವನ್ನು ತಲೆಗೆ ಇಷ್ಟೆಂದು ಹಂಚಿಕೊಳ್ಳುತ್ತಾರೆ. ಬೇರೆ ಕೆಲಸ ಸಿಗದ ದಿನ ಒಬ್ಬಿಬ್ಬರು ಗಂಡಸರೂ ಆ ಗುಂಪಿನ ಜೊತೆ ಹೋಗುವುದುಂಟು. ಅವರಿಗೂ ಸಿಗುವುದು ಅಷ್ಟೇ ಪಾಲು.