ಸಾಣೆ ಹಿಡಿದದ್ದಷ್ಟೇ ಹರಿತ

ಬಾರಾಮತಿಯಲ್ಲಿ ನೆಲೆಸಿದ್ದ ಮರಾಠಿ ಪಂಡಿತಕವಿ ಮೋರೋಪಂತರು ರಾಮಾಯಣವನ್ನು ಹತ್ತಾರು ಬಗೆಯಲ್ಲಿ ಬರೆದರು. ಒಂದೊಂದಕ್ಕೂ ಒಂದೊಂದು ಕಟ್ಟುಪಾಡು. ‘ನಿರೋಷ್ಠ ರಾಮಾಯಣ’ದಲ್ಲಿ ತುಟಿ ಸೇರಿಸಿ ನುಡಿಯುವ ಪ, ಫ, ಬ, ಭ, ಮ ಸುಳಿಯುವಂತಿಲ್ಲ. ಅಂದರೆ ರಾಮನ ಕಥೆಯಲ್ಲಿ ‘ರಾಮ’ ಎಂಬ ಹೆಸರೇ ಬರುವಂತಿಲ್ಲ! ಅವರು ತೀರಿಕೊಂಡ 1794ರಲ್ಲೇ ಹುಟ್ಟಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸುವ ನಡೆಗಳನ್ನು ಅವರು ಹೆಣೆದರು. ನಿಯಮ ಹಾಕಿಕೊಂಡು ಬುದ್ಧಿಯನ್ನು ಪಳಗಿಸುವ ಈ ಹಳೆಯ ಹವ್ಯಾಸ ನಮ್ಮ ಕಾಲದಲ್ಲಿ ಪರದೆ ಏರಿದೆ.

ಅದನ್ನು ಮನೆಮನೆಗೆ ಮುಟ್ಟಿಸಿದ್ದು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ರ್ಯೂತಾ ಕವಾಶಿಮಾ ಅವರ ಹೆಸರಿನ ಆಟ. ಸಣ್ಣಪುಟ್ಟ ಲೆಕ್ಕ ಬಿಡಿಸುವುದು, ಗಟ್ಟಿಯಾಗಿ ಓದುವುದು ಮಿದುಳಿಗೆ ಒಳ್ಳೆಯ ಕಸರತ್ತು ಎಂಬುದು ಅವರ ನಿಲುವು. ನಮ್ಮ ಶಾಲೆಗಳ ಬಾಯಿಮಗ್ಗಿಗೆ ಇದು ದೂರದ್ದೇನಲ್ಲ. 2005ರಲ್ಲಿ ನಿಂಟೆಂಡೊ ಕಂಪನಿ ಈ ಕಸರತ್ತನ್ನು ಅಂಗೈಯಲ್ಲಿ ಆಡುವ ಆಟವಾಗಿಸಿತು. ಆಟ ಮುಗಿದಾಗ ‘ಮಿದುಳಿನ ವಯಸ್ಸು’ ತೋರಿಸುತ್ತಿತ್ತು. 20 ಬಂದರೆ ಗೆದ್ದಂತೆ.

ಇಂಥ ಕಸರತ್ತು ಫಲ ಕೊಡುತ್ತದೆಯೇ ಎಂದು ನೋಡಲು ಅದಕ್ಕೂ ಮೊದಲೇ ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ‘ಆ್ಯಕ್ಟಿವ್’ ಎಂಬ ಅಧ್ಯಯನ ನಡೆದಿತ್ತು. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ಕಂಪ್ಯೂಟರಿನ ಮುಂದೆ ಗ್ರಹಿಕೆಯ ವೇಗದ್ದು. ಪರದೆಯ ನಡುವೆ ಕಾರೋ ಲಾರಿಯೋ ಮಿಂಚಿ ಮಾಯವಾಗುತ್ತದೆ. ಅದೇ ಕ್ಷಣ ಅಂಚಿನಲ್ಲಿ ಇನ್ನೊಂದು ಕಾರು. ನಡುವೆ ಕಂಡದ್ದು ಯಾವುದು, ಅಂಚಿನದು ಎಲ್ಲಿತ್ತು? ಸರಿಯಾಗಿ ಹೇಳಿದಷ್ಟೂ ಮಿಂಚುವ ಹೊತ್ತು ಕಿರಿದಾಗುತ್ತದೆ. 2002ರ ಫಲಿತಾಂಶದಲ್ಲಿ ಪ್ರತಿ ಗುಂಪೂ ತಾನು ಕಲಿತದ್ದರಲ್ಲಷ್ಟೇ ಮುಂದಿತ್ತು. ಹತ್ತು ವರ್ಷ ಕಳೆದ ಮೇಲೂ ತರ್ಕ ಮತ್ತು ವೇಗದ ಗಳಿಕೆ ಉಳಿದಿತ್ತು; ನೆನಪಿನದು ಉಳಿದಿರಲಿಲ್ಲ.

2010ರಲ್ಲಿ ಪ್ರಕಟವಾದ, ಸಂಶೋಧಕರು ಬಿಬಿಸಿ ಜೊತೆಗೂಡಿ ನಡೆಸಿದ ಪರೀಕ್ಷೆಯಲ್ಲಿ 11,430 ಜನ ಆರು ವಾರ ಇಂಥ ಆಟ ಆಡಿದರು. ಆಡಿದ ಆಟದಲ್ಲಿ ಪಳಗಿದರು, ಆಡದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಮುನ್ನಡೆ ಕಾಣಲಿಲ್ಲ. ವಯಸ್ಸಿನ ಮರೆವನ್ನು ತಡೆಯುತ್ತೇವೆಂದು ಸಾಕಷ್ಟು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪ ಹೊತ್ತ ಲ್ಯುಮಾಸಿಟಿ ಆಟದ ಕಂಪನಿ 2016ರಲ್ಲಿ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು.

ಅಜ್ಜಿಗೆ ಮೊಬೈಲಿನಲ್ಲಿ ಆಟ ಹಾಕಿಕೊಡಿ, ಖುಷಿಯಾಗಿ ಆಡಲಿ. ಆದರೆ ನೆಂಟರ ಹೆಸರು ನೆನಪಿರಬೇಕೆಂದರೆ ಹಳೆಯ ಫೋಟೊಗಳನ್ನು ತೆಗೆದು, ಪಕ್ಕದಲ್ಲಿ ಕುಳಿತು, ಆ ಹೆಸರುಗಳನ್ನೇ ಹೇಳಿಸಿ. ಮರೆವು ದಿನೇದಿನೇ ಹೆಚ್ಚುತ್ತಿದ್ದರೆ ಆಟವನ್ನು ನೆಚ್ಚಿ ಕೂರದೆ ವೈದ್ಯರಿಗೆ ತೋರಿಸಿ.