ಕೊಬ್ಬರಿ ಅಟ್ಟದ ಕೆಳಗೆ ಪಿಂಗಾಣಿ ಫ್ಯೂಸು: ಹಳೆಯ ಮನೆಗೆ ಹೊಸ ಡಿ.ಬಿ. ಏಕೆ ಬೇಕು?

ತಿಪಟೂರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಹೆಂಚಿನ ಮನೆಗಳಲ್ಲಿ ಎರಡು ವಸ್ತುಗಳು ಇಂದಿಗೂ ಕಾಣಸಿಗುತ್ತವೆ. ಒಂದು, ವರ್ಷದ ಫಸಲು ಒಣಗುತ್ತಿರುವ ಕೊಬ್ಬರಿ ಅಟ್ಟ. ಇನ್ನೊಂದು, ಗೋಡೆಗೆ ಬಡಿದ ಮರದ ಹಲಗೆಯ ಮೇಲೆ ಸಾಲಾಗಿ ಕುಳಿತ ಬಿಳಿ ಪಿಂಗಾಣಿ ಫ್ಯೂಸುಗಳು. ಇವೆರಡೂ ಒಂದೇ ಸೂರಿನಡಿ ಇರುವುದು ಎಷ್ಟು ಕ್ಷೇಮ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ.

ಉಂಡೆ ಕೊಬ್ಬರಿ ಅವಸರದಲ್ಲಿ ಆಗುವ ಸರಕಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಗಿಟುಕಾಗುವುದಕ್ಕೆ ಹತ್ತಿರ ಹತ್ತಿರ ವರ್ಷವೇ ಬೇಕು. ಅಷ್ಟೂ ಕಾಲ ಅಟ್ಟದ ಮೇಲಿರುವುದು ಒಣಗಿದ ನಾರು, ಕರಟ ಮತ್ತು ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಎಣ್ಣೆಯೇ ಆಗಿರುವ ಕೊಬ್ಬರಿ. ಅದರ ಕೆಳಗಿನ ತೊಲೆಗಳಿಗೆ ಮರದ ರೀಪು ಹೊಡೆದು, ಕ್ಲಿಪ್ಪು ಹಾಕಿ ಎಳೆದ ಹಳೆಯ ವೈರು. ಇಲಿಗಳಿಗೆ ಎರಡೂ ಪ್ರಿಯವೇ.

ಕರಗಬೇಕಾದ ತಂತಿ ಕರಗದಿದ್ದರೆ

ಫ್ಯೂಸಿನ ತತ್ವ ಸರಳ. ಮಿತಿ ಮೀರಿ ವಿದ್ಯುತ್ ಹರಿದಾಗ ತೆಳುತಂತಿ ಕರಗಿ, ಗೋಡೆಯೊಳಗಿನ ವೈರು ಉಳಿಯಬೇಕು. ಆದರೆ ಕೈಯಿಂದ ತಂತಿ ಕಟ್ಟುವ ಬಗೆಯ ಫ್ಯೂಸು ತನ್ನ ಅಳತೆಯ ಸುಮಾರು ಎರಡು ಪಟ್ಟು ವಿದ್ಯುತ್ ಹರಿಯುವ ತನಕ ಸಹಿಸಿಕೊಳ್ಳುತ್ತದೆ. ಅದು ಅದರ ಹುಟ್ಟುಗುಣ. ನಮ್ಮ ಕೈಚಳಕದ ಕಥೆ ಬೇರೆ. ರಾತ್ರಿ ಫ್ಯೂಸು ಹೋದಾಗ ಕೈಗೆ ಸಿಕ್ಕ ವೈರಿನಿಂದ ನಾಲ್ಕಾರು ಎಳೆ ತಾಮ್ರ ಕಿತ್ತು ಕಟ್ಟಿ, ದೀಪ ಹತ್ತಿದ್ದನ್ನು ಕಂಡು ನೆಮ್ಮದಿಯಿಂದ ಮಲಗದ ಮನೆ ಯಾವುದಿದೆ? ಈ ವರದಿಗಾರನ ಮನೆಯೂ ಅದಕ್ಕೆ ಹೊರತಲ್ಲ. ಹಾಗೆ ಕಟ್ಟಿದ ಕ್ಷಣದಿಂದ ಆ ಮನೆಯಲ್ಲಿ ಫ್ಯೂಸು ಎಂಬುದು ಹೆಸರಿಗೆ ಮಾತ್ರ. ಇನ್ನು ಕರಗುವ ಸರದಿ ಗೋಡೆಯ ವೈರಿನದು.

ಹಲವು ಹಳೆಯ ಹಲಗೆಗಳಲ್ಲಿ ಫೇಸ್ ಹಾಗೂ ನ್ಯೂಟ್ರಲ್ ಎರಡಕ್ಕೂ ಫ್ಯೂಸು ಇರುವುದನ್ನು ಕಾಣಬಹುದು. ನ್ಯೂಟ್ರಲ್ ಕಡೆಯ ಫ್ಯೂಸು ಮೊದಲು ಹೋದರೆ ದೀಪ ಆರುತ್ತದೆ, ಆದರೆ ವೈರಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಕರೆಂಟು ಹೋಗಿದೆ ಎಂದು ಹೋಲ್ಡರಿಗೆ ಕೈ ಹಾಕಿದವರಿಗೆ ಆಗುವುದನ್ನು ವಿವರಿಸಬೇಕಿಲ್ಲ.

ಇವು ಕೂರಿಸಿದ ಕಾಲಕ್ಕೆ ಸಾಕಾಗಿದ್ದವು ಎಂಬುದೂ ನಿಜ. ಆಗ ಮನೆಗೆ ನಾಲ್ಕು ಬಲ್ಬು, ಒಂದು ರೇಡಿಯೋ ಇದ್ದರೆ ಹೆಚ್ಚು. ಇಂದು 2 ಕಿಲೋವ್ಯಾಟ್ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ರಿಜ್, ಸಂಪಿನ ಮೋಟಾರು ಇದರ ಮೇಲೆ.

ಎಂಸಿಬಿ ಒಂದೇ ಸಾಲದು

ಫ್ಯೂಸಿಗೆ ಬದಲಾಗಿ ಬಂದಿರುವುದು ಡಿ.ಬಿ. ಎಂದೇ ಕರೆಯಲಾಗುವ ಲೋಹದ ಪೆಟ್ಟಿಗೆ ಮತ್ತು ಅದರೊಳಗಿನ ಎಂಸಿಬಿಗಳು. ಎಂಸಿಬಿ ಹೊಸ ವಸ್ತುವೇನಲ್ಲ. ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಹ್ಯೂಗೋ ಸ್ಟೋಟ್ಜ್ ಸಂಸ್ಥೆ ಇದಕ್ಕೆ ಪೇಟೆಂಟ್ ಪಡೆದದ್ದು 1924ರಲ್ಲಿ. ಇದರಲ್ಲಿ ಎರಡು ಕಾವಲುಗಳಿವೆ. ಹೊರೆ ನಿಧಾನವಾಗಿ ಹೆಚ್ಚಿದರೆ ಒಳಗಿನ ಜೋಡಿಲೋಹದ ಪಟ್ಟಿ ಕಾದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಶಾರ್ಟ್ ಆದರೆ ವಿದ್ಯುತ್ಕಾಂತವು ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೆಲಸ ಮಾಡುತ್ತದೆ. 16 ಆಂಪಿಯರ್ ಎಂಸಿಬಿಯ ಮೂಲಕ 23 ಆಂಪಿಯರ್‌ಗಿಂತ ತುಸು ಹೆಚ್ಚು ಹರಿದರೆ ಒಂದು ಗಂಟೆಯೊಳಗೆ ಅದು ಬೀಳಲೇಬೇಕೆಂಬುದು ಮಾನಕ. ಎಲ್ಲಕ್ಕಿಂತ ಮಿಗಿಲಾಗಿ, ಇದಕ್ಕೆ ದಪ್ಪ ತಂತಿ ಕಟ್ಟಲು ಬರುವುದಿಲ್ಲ!

ಆದರೆ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂದು ಲೆಕ್ಕ ನೋಡೋಣ. ಬಟ್ಟೆ ಒಗೆಯುವ ಯಂತ್ರದೊಳಗೆ ವೈರು ಸವೆದು ಹೊರಕವಚಕ್ಕೆ ಫೇಸ್ ತಗುಲಿದೆ ಎನ್ನಿ. ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ, ಆ ದಾರಿಯ ಒಟ್ಟು ರೋಧ 20 ಓಮ್ ಆಗಿದೆ ಎಂದುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಇದು ಸಹಜ ಬಳಕೆ. ಅದು ಬೀಳುವುದೇ ಇಲ್ಲ. ಯಂತ್ರದ ಮೈಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಮುಟ್ಟುವವರಿಗಾಗಿ ಕಾಯುತ್ತಾ.

ಈ ಅಪಾಯವನ್ನು ಹಿಡಿಯುವುದು ಆರ್‌ಸಿಸಿಬಿ. ಪೇಟೆಯ ಅಂಗಡಿಗಳಲ್ಲಿ ಇದನ್ನು ಹಳೆಯ ರೂಢಿಯಂತೆ ಇಎಲ್‌ಸಿಬಿ ಎಂದೂ ಕರೆಯುವುದುಂಟು. ಫೇಸಿನಲ್ಲಿ ಹೋದಷ್ಟೇ ವಿದ್ಯುತ್ ನ್ಯೂಟ್ರಲಿನಲ್ಲಿ ಮರಳಿತೇ ಎಂಬುದೊಂದೇ ಇದರ ಲೆಕ್ಕ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ, ಅಂದರೆ ಎಲ್ಲೋ ನೆಲಕ್ಕೆ ಅಥವಾ ಯಾರದೋ ಮೈಯೊಳಗೆ ಸೋರುತ್ತಿದ್ದರೆ, ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಮುನ್ನ ಸಂಪರ್ಕ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಮನೆಗಳಿಗೆ ಗೊತ್ತುಪಡಿಸಿದ್ದು ಇದೇ 30 ಮಿಲಿ ಆಂಪಿಯರ್ ಮಿತಿಯನ್ನು. 2023ರಲ್ಲಿ ಹೊಸ ನಿಯಮಾವಳಿ ಬಂದ ಮೇಲೂ ಸೋರಿಕೆ ರಕ್ಷಣೆಯ ಅಗತ್ಯ ಮುಂದುವರಿದಿದೆ. ಹಾಗೆಂದು ಆರ್‌ಸಿಸಿಬಿ ಒಂದನ್ನೇ ನಂಬುವಂತಿಲ್ಲ. ಹೊರೆ ಹೆಚ್ಚಾದರೆ ಅದಕ್ಕೆ ತಿಳಿಯದು. ಫೇಸ್, ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಹಿಡಿದವರನ್ನೂ ಅದು ಉಳಿಸಲಾರದು.

ಪಾಲಾದ ಮನೆಗಳ ಪಾಡು

ಹೊಸ ಆರ್‌ಸಿಸಿಬಿ ಹಾಕಿದ ದಿನವೇ 'ಪದೇ ಪದೇ ಬೀಳುತ್ತದೆ' ಎಂದು ಅದನ್ನು ಕಿತ್ತುಹಾಕಿಸಿದವರುಂಟು. ತಪ್ಪು ಸಾಮಾನ್ಯವಾಗಿ ಸಾಧನದ್ದಲ್ಲ. ಈ ಸೀಮೆಯ ದೊಡ್ಡ ತೊಟ್ಟಿಮನೆಗಳು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಮೀಟರುಗಳು ಬೇರೆಯಾದವು, ಗೋಡೆ ಎದ್ದಿತು. ಆದರೆ ಅಟ್ಟದ ಮೇಲಿನ ನ್ಯೂಟ್ರಲ್ ವೈರು ಎಷ್ಟೋ ಕಡೆ ಕೂಡಿಯೇ ಉಳಿಯಿತು. ಅಣ್ಣನ ಮನೆಯ ಫೇಸಿನಲ್ಲಿ ಹೋದದ್ದು ತಮ್ಮನ ಮನೆಯ ನ್ಯೂಟ್ರಲಿನಲ್ಲಿ ಮರಳಿದರೆ ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ಎಣಿಸುತ್ತದೆ. ಯುಪಿಎಸ್‌ನ ನ್ಯೂಟ್ರಲನ್ನು ಅಡ್ಡಾದಿಡ್ಡಿ ಜೋಡಿಸಿದರೂ ಇದೇ ಗತಿ. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವಗೊಂಡು ಹಳೆಯ ವೈರಿನಿಂದ ನಿಜವಾಗಿಯೇ ಸೋರುವುದೂ ಇದೆ. ಆದ್ದರಿಂದ ಪೆಟ್ಟಿಗೆ ಬದಲಿಸುವ ಮುನ್ನ ಮೆಗ್ಗರ್ ಇಟ್ಟು ವೈರಿನ ಹೊದಿಕೆಯನ್ನು ಪರೀಕ್ಷಿಸುವ ಎಲೆಕ್ಟ್ರಿಷಿಯನ್ನನನ್ನೇ ಹುಡುಕುವುದು ಮೇಲು. ಅಲ್ಯೂಮಿನಿಯಂ ವೈರು ಕಂಡುಬಂದರೆ ತಾಮ್ರದ ಜೊತೆಗಿನ ಗಂಟುಗಳು ಸಡಿಲಗೊಂಡು ಬಿಸಿಯೇರುವ ಕಾರಣ ಪೂರಾ ಬದಲಿಸುವುದೇ ಸರಿ.

ಎಂಸಿಬಿಯ ಅಳತೆಯನ್ನು ವೈರು ನೋಡಿ ಆರಿಸಬೇಕೇ ಹೊರತು ಉಪಕರಣ ನೋಡಿ ಅಲ್ಲ. ದೀಪ, ಫ್ಯಾನುಗಳ ಒಂದೂವರೆ ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪಿಯರ್, ಎರಡೂವರೆಯದಕ್ಕೆ 16 ಆಂಪಿಯರ್. ಮೋಟಾರು ಹೊರಡುವಾಗ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಅದರ ಸಾಲಿಗೆ 'ಸಿ' ವರ್ಗದ ಎಂಸಿಬಿ ಬೇಕು. ಕೊಬ್ಬರಿ ಅಟ್ಟದ ದೀಪಕ್ಕೆ ಪ್ರತ್ಯೇಕ ಎಂಸಿಬಿ ಇಟ್ಟು, ಕೆಲಸವಿಲ್ಲದಾಗ ಅದನ್ನು ಇಳಿಸಿಡುವ ವ್ಯವಸ್ಥೆ ಮಾಡಿಕೊಂಡರೆ ವರ್ಷದ ಬಹುಕಾಲ ಅಲ್ಲಿ ವಿದ್ಯುತ್ತೇ ಇರುವುದಿಲ್ಲ.

ಲೈನಿನ ನ್ಯೂಟ್ರಲ್ ತುಂಡಾಗಿ ಮನೆಗೆ ಅತಿಯಾದ ವೋಲ್ಟೇಜ್ ನುಗ್ಗಿದರೆ ಎಂಸಿಬಿಯಾಗಲೀ ಆರ್‌ಸಿಸಿಬಿಯಾಗಲೀ ತಡೆಯವು. ಅದಕ್ಕೆ ವೋಲ್ಟೇಜ್ ನೋಡಿ ಕಡಿಯುವ ಬೇರೆ ಸಾಧನವಿದೆ.

ಮೀಟರು ಮುಟ್ಟುವಂತಿಲ್ಲ

ಮೀಟರು ಹಾಗೂ ಅದರ ಸೀಲು ಬೆಸ್ಕಾಂ ಸುಪರ್ದಿಯಲ್ಲಿರುವಂಥವು. ಹಲಗೆ ಬಿಚ್ಚುವ ಮುನ್ನ ಸಂಬಂಧಪಟ್ಟ ಶಾಖಾ ಕಚೇರಿಗೆ ತಿಳಿಸಿ, ಕಂಬದಿಂದಲೇ ಸಂಪರ್ಕ ತಪ್ಪಿಸಿಕೊಳ್ಳಬೇಕು. ಸಹಾಯವಾಣಿ 1912. ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮಂಜೂರಾದ ಹೊರೆಗಿಂತ ಬಳಕೆ ಹೆಚ್ಚಿದ್ದರೆ ಹೆಚ್ಚುವರಿ ಹೊರೆಗೂ ಅದೇ ವೇಳೆ ಅರ್ಜಿ ಕೊಡುವುದು ಅನುಕೂಲ.

ಖರ್ಚಿನ ಮಾತು ಬಂದೇ ಬರುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂ. ವೈರಿಂಗ್ ಸುಸ್ಥಿತಿಯಲ್ಲಿದ್ದರೆ ಸಾಧಾರಣ ಮನೆಯೊಂದರ ಪೆಟ್ಟಿಗೆ, ಎಂಸಿಬಿ, ಆರ್‌ಸಿಸಿಬಿ ಮತ್ತು ಕೂಲಿ ಎಲ್ಲವೂ ಸಾಮಾನ್ಯವಾಗಿ ಆ ಒಂದು ಕ್ವಿಂಟಲಿನ ಬೆಲೆಯೊಳಗೆ ಮುಗಿಯುತ್ತವೆ. ಅಟ್ಟದ ಮೇಲೆ ಎಷ್ಟು ಕ್ವಿಂಟಲ್ ಇದೆಯೆಂಬ ಲೆಕ್ಕ ಮನೆಯವರಿಗೇ ಗೊತ್ತು.

ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿಯೊಂದಿರುತ್ತದೆ. ಕರೆಂಟು ಇರುವಾಗ ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಬೇಕು. ಒತ್ತಿದ ಕೂಡಲೇ ಮನೆ ಕತ್ತಲಾದರೆ ಸಾಧನ ಸರಿಯಿದೆ. ದೀಪ ಉರಿಯುತ್ತಲೇ ಇದ್ದರೆ ಅಂದೇ ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳುಹಿಸಬೇಕು.